ತೂಕದ ಚೀಟಿ, ವಿಮೆಯ ಚೀಟಿ

ಒಂದು ಕಾಲದಲ್ಲಿ ರೈಲ್ವೆ ನಿಲ್ದಾಣಗಳಲ್ಲಿ ಬಣ್ಣದ ದೀಪಗಳನ್ನು ಮಿನುಗಿಸುತ್ತ ನಿಂತಿರುತ್ತಿದ್ದ ತೂಕದ ಯಂತ್ರವನ್ನು ಮರೆತವರು ಕಡಿಮೆ. ನಾಣ್ಯವೊಂದನ್ನು ಹಾಕಿದರೆ ಗಡಗಡ ಸದ್ದಾಗಿ ರಟ್ಟಿನ ಚೀಟಿಯೊಂದು ಕೆಳಗೆ ಬೀಳುತ್ತಿತ್ತು; ಒಂದು ಮಗ್ಗುಲಲ್ಲಿ ತೂಕ, ಇನ್ನೊಂದು ಮಗ್ಗುಲಲ್ಲಿ ಭವಿಷ್ಯ. ತೂಕವನ್ನು ಯಾರೂ ಗಮನಿಸುತ್ತಿರಲಿಲ್ಲ; ಭವಿಷ್ಯವನ್ನು ಗಾಡಿ ಬರುವವರೆಗೂ ಓದಿ ನಗುತ್ತಿದ್ದರು. ಆ ಯಂತ್ರ ತಮಾಷೆಗೆ ಹೇಳಿದ ನಂಟು ಈಗ ಕೆಲವು ಮನೆಗಳಲ್ಲಿ ತಮಾಷೆಯಾಗಿ ಉಳಿದಿಲ್ಲ. ತಕ್ಕಡಿಯ ಮುಳ್ಳು ಒಂದು ಕಿಲೋ ಆಚೆ ನಿಂತಿತೋ ಈಚೆ ನಿಂತಿತೋ ಎಂಬುದರ ಮೇಲೆ ಲಕ್ಷಗಟ್ಟಲೆ ರೂಪಾಯಿಯ ಚಿಕಿತ್ಸೆಯೊಂದು ದೊರೆಯುವುದೋ ಇಲ್ಲವೋ ಎಂಬುದು ನಿರ್ಧಾರವಾಗುತ್ತದೆ.

ಮಾನ್ವಿಯ ಶಾಲಾಶಿಕ್ಷಕಿಯೊಬ್ಬರನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ವಯಸ್ಸು 44, ಎತ್ತರ 155 ಸೆಂಟಿಮೀಟರು, ತೂಕ 88 ಕಿಲೋ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ; ಮಾತ್ರೆಗಳ ಸಂಖ್ಯೆ ಏರಿದೆಯೇ ಹೊರತು ಸಕ್ಕರೆ ಇಳಿದಿಲ್ಲ. ಬೆಳಗಿನ ಬಸ್ಸು ಹಿಡಿದು ರಾಯಚೂರಿಗೆ ಹೋಗಿ ವೈದ್ಯರನ್ನು ಕಂಡಾಗ, ಜಠರವನ್ನು ಕಿರಿದಾಗಿಸುವ ಶಸ್ತ್ರಚಿಕಿತ್ಸೆಯನ್ನು ಕುರಿತು ಯೋಚಿಸಬಹುದೆಂಬ ಸಲಹೆ ಬರುತ್ತದೆ. ಮನೆಗೆ ಬಂದು ಈ ಮಾತನ್ನೆತ್ತಿದರೆ ಅತ್ತೆಯವರಿಗೆ ದಿಗಿಲು, ನೆರೆಮನೆಯಾಕೆಗೆ ಬೆರಗು. “ಊಟಾ ಕಡಿಮಿ ಮಾಡಿದ್ರ ಆತಲ್ರೀ ಟೀಚರ್, ಹೊಟ್ಟಿ ಯಾಕ ಕೊಯ್ಸ್ಕೋಬೇಕು?” ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಎಂಟು ವರ್ಷ ರೊಟ್ಟಿಯ ಲೆಕ್ಕವಿಟ್ಟು ಉಂಡವರಿಗೆ ಆ ಪ್ರಶ್ನೆ ಎಷ್ಟು ಚುಚ್ಚುತ್ತದೆಂಬುದು ಕೇಳಿದವರಿಗೆ ತಿಳಿಯದು.

ಆ ನೆರೆಮನೆಯಾಕೆಗೆ ಕೊಡಬಹುದಾದ ಉತ್ತರವನ್ನು ವಿಜ್ಞಾನ ಕಂಡುಕೊಂಡಿದೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಸಂಶೋಧಕರು ಐವತ್ತು ಮಂದಿ ಸ್ಥೂಲಕಾಯರನ್ನು ಹತ್ತು ವಾರ ಮಿತಾಹಾರದಲ್ಲಿರಿಸಿ, ಒಂದು ವರ್ಷದ ತರುವಾಯ ಮತ್ತೆ ಪರೀಕ್ಷಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತೂಕ ಇಳಿದಾಗ ಹಸಿವನ್ನು ಕೆರಳಿಸುವಂತೆ ಬದಲಾದ ದೇಹದ ರಸಗಳು ವರ್ಷ ಕಳೆದರೂ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ದೇಹಕ್ಕೆ ತನ್ನ ಹಳೆಯ ತೂಕದ ನೆನಪು ಬಲವಾಗಿರುತ್ತದೆ. ಕಳೆದುಕೊಂಡುದನ್ನು ಮರಳಿ ಪಡೆಯಲು ಅದು ಹಸಿವನ್ನು ದೂತನಾಗಿ ಕಳುಹಿಸುತ್ತದೆ. ತೆಳ್ಳಗಾಗಿ ಮತ್ತೆ ದಪ್ಪಗಾದವರೆಲ್ಲ ನಾಲಗೆ ಚಪಲದವರೆಂದು ತಿಳಿಯುವುದು ಅನ್ಯಾಯ.

ಶಸ್ತ್ರಚಿಕಿತ್ಸೆಯ ವಿಚಾರ ಹೊಸದೇನೂ ಅಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಡಾ. ಎಡ್ವರ್ಡ್ ಮೇಸನ್ 1966ರಲ್ಲಿಯೇ ಇದಕ್ಕೆ ದಾರಿ ತೋರಿದರು. ಇಂದು ಬಳಕೆಯಲ್ಲಿರುವ ಎರಡು ಮುಖ್ಯ ವಿಧಾನಗಳಲ್ಲಿ ಒಂದರಲ್ಲಿ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು ಬಾಳೆಕಾಯಿಯಂಥ ನಳಿಗೆಯನ್ನಷ್ಟೇ ಉಳಿಸುತ್ತಾರೆ. ಇನ್ನೊಂದರಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ರಚಿಸಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಣ್ಣುವ ಪ್ರಮಾಣ ತಗ್ಗುವುದಷ್ಟೇ ಅಲ್ಲ, ಹಸಿವಿನ ರಸಗಳೇ ಬದಲಾಗುತ್ತವೆ. ಅನೇಕರಲ್ಲಿ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರುತ್ತದೆ. ಆದರೆ ಇದು ಮಂತ್ರದಂಡವಲ್ಲ. ಜೀವಮಾನವಿಡೀ ಜೀವಸತ್ವಗಳ ಮಾತ್ರೆ, ಕಾಲಕಾಲಕ್ಕೆ ರಕ್ತಪರೀಕ್ಷೆ, ಮಿತವಾದ ಊಟ ಇವು ತಪ್ಪಿದ್ದಲ್ಲ.

ಇನ್ನು ವಿಮೆಯ ಮಾತು. ಹಿಂದೆ ಅನೇಕ ಪಾಲಿಸಿಗಳು ಬೊಜ್ಜಿನ ಚಿಕಿತ್ಸೆಯೆಂದೊಡನೆ ಒಂದೇ ಮಾತಿನಲ್ಲಿ ಬಾಗಿಲು ಮುಚ್ಚುತ್ತಿದ್ದುವು. 2019ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಹೊರಗಿಡುವ ಷರತ್ತುಗಳಿಗೆಲ್ಲ ಏಕರೂಪದ ಒಕ್ಕಣೆಯನ್ನು ಕೊಟ್ಟಿತು. ಅದರಂತೆ ಶಸ್ತ್ರಚಿಕಿತ್ಸೆ ವೈದ್ಯರ ಸಲಹೆಯ ಮೇಲೆ ನಡೆಯಬೇಕು. ವೈದ್ಯಕೀಯ ವಿಧಿಗೆ ಒಪ್ಪಿರಬೇಕು. ರೋಗಿಗೆ 18 ವರ್ಷ ತುಂಬಿರಬೇಕು. ದೇಹತೂಕದ ಸೂಚ್ಯಂಕ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅಷ್ಟಿಲ್ಲದಿದ್ದರೆ ಕನಿಷ್ಠ 35 ಇದ್ದು, ಜತೆಗೆ ಬೊಜ್ಜಿನಿಂದಾದ ಹೃದಯಸ್ನಾಯುವಿನ ರೋಗ, ಹೃದಯದ ರಕ್ತನಾಳಗಳ ರೋಗ, ನಿದ್ರೆಯಲ್ಲಿ ಉಸಿರುಗಟ್ಟುವ ತೀವ್ರ ವ್ಯಾಧಿ, ಹಿಡಿತಕ್ಕೆ ಬಾರದ ಎರಡನೆಯ ಬಗೆಯ ಸಕ್ಕರೆ ಕಾಯಿಲೆ ಇವುಗಳಲ್ಲಿ ಒಂದಾದರೂ ಇರಬೇಕು. ಸೌಮ್ಯವಾದ ಉಪಾಯಗಳು ಸೋತಿರಬೇಕು. ಮೊಣಕಾಲಿನ ನೋವು ಈ ಪಟ್ಟಿಯಲ್ಲಿಲ್ಲ! ಮೆಟ್ಟಿಲೇರಲಾರದೆ ಕಣ್ಣೀರಿಡುವ ಎಷ್ಟೋ ಮಂದಿ ಗೃಹಿಣಿಯರಿಗೆ ಇದು ಕಹಿ ಸುದ್ದಿ.

ಸೂಚ್ಯಂಕವೆಂದರೆ ಗಾಬರಿಪಡಬೇಕಾದ ಗಣಿತವಲ್ಲ. ಕಿಲೋಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕೆ. ಬೆಲ್ಜಿಯಮಿನ ಕೆಟ್ಲೆ ಎಂಬ ಗಣಿತಜ್ಞ ಹತ್ತೊಂಬತ್ತನೆಯ ಶತಮಾನದಲ್ಲಿ ಜನಸಮೂಹಗಳ ಅಧ್ಯಯನಕ್ಕೆಂದು ಇದನ್ನು ಕಂಡುಹಿಡಿದನೇ ಹೊರತು ಮಾನ್ವಿಯ ಶಿಕ್ಷಕಿಯ ಚಿಕಿತ್ಸೆಯನ್ನು ತೀರ್ಮಾನಿಸಲಿಕ್ಕಲ್ಲ. ವಿಮೆಯ ಷರತ್ತಿನಲ್ಲಿ ಕಾಣುವ 40 ಮತ್ತು 35 ಎಂಬ ಅಂಕೆಗಳು 1991ರಲ್ಲಿ ಅಮೆರಿಕದ ತಜ್ಞರ ಸಭೆಯೊಂದು ಸೂಚಿಸಿದವು. ಭಾರತೀಯರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಅಂಟುವುದೆಂದು ಇಲ್ಲಿನ ತಜ್ಞರು 2009ರಲ್ಲಿಯೇ 37.5 ಮತ್ತು 32.5 ಸಾಕೆಂದರು. 2022ರಲ್ಲಿ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘಗಳು ಹಳೆಯ ಗೆರೆಯನ್ನು ಮತ್ತೂ ತಗ್ಗಿಸಿದುವು. ವೈದ್ಯಶಾಸ್ತ್ರ ಮುಂದೆ ಹೋಗಿದೆ. 2019ರ ಒಕ್ಕಣೆ ಮಾತ್ರ ಹಳೆಯ ಅಂಕೆಗಳನ್ನೇ ಹಿಡಿದು ಕುಳಿತಿದೆ. ವೈದ್ಯರು ‘ಆಗಬಹುದು’ ಎಂದುದಕ್ಕೆ ವಿಮೆಯವರು ‘ಆಗದು’ ಎನ್ನುವುದು ಎಷ್ಟೋ ವೇಳೆ ಇದರಿಂದಲೇ.

ಶಿಕ್ಷಕಿಯ ಸೂಚ್ಯಂಕ 36.6. ಸಕ್ಕರೆ ಹಿಡಿತದಲ್ಲಿಲ್ಲ. ಪಾಲಿಸಿಗೆ ಆರು ವರ್ಷ ತುಂಬಿದೆ. ಆದರೂ ಅರ್ಜಿ ಹೋದ ಕೆಲವು ದಿನಗಳಲ್ಲಿ ವಿಮೆಯವರಿಂದ ಪ್ರಶ್ನೆ ಬರುತ್ತದೆ: ಸೌಮ್ಯವಾದ ಉಪಾಯಗಳು ಸೋತುವೆಂಬುದಕ್ಕೆ ಆಧಾರವೇನು? ಎಂಟು ವರ್ಷ ಹಸಿದದ್ದು ನಿಜ, ನಡೆದದ್ದು ನಿಜ. ಆದರೆ ಬರೆದಿಟ್ಟವರು ಯಾರು? ಗೆದ್ದದ್ದಕ್ಕೆ ಪ್ರಮಾಣಪತ್ರ ಕೇಳುವುದು ಲೋಕರೂಢಿ. ಇಲ್ಲಿ ಸೋತದ್ದಕ್ಕೂ ಪ್ರಮಾಣಪತ್ರ ಬೇಕು. ಆಹಾರತಜ್ಞರ ಬಳಿ ಹೋಗಿ, ತಿಂಗಳು ತಿಂಗಳೂ ತೂಕ ಬರೆಯಿಸಿ, ಮೂರು ತಿಂಗಳ ಸರಾಸರಿ ಸಕ್ಕರೆಯ ವರದಿಗಳನ್ನು ಜೋಡಿಸುತ್ತ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಚಿಕಿತ್ಸೆಯ ಹಂಬಲವಿರುವವರು ಇಂದೇ ಒಂದು ನೂರು ಪುಟದ ನೋಟುಪುಸ್ತಕ ಕೊಂಡು, ಆಸ್ಪತ್ರೆಯ ಪ್ರತಿಯೊಂದು ಚೀಟಿಯನ್ನೂ ಕಾದಿಡುವುದು ಲೇಸು.

ನಿಜವಾದ ಇಕ್ಕಟ್ಟು ಇನ್ನು ಮುಂದೆ. ಆಹಾರತಜ್ಞರ ಮಾತನ್ನು ಶ್ರದ್ಧೆಯಿಂದ ಪಾಲಿಸಿದ ಶಿಕ್ಷಕಿಯ ತೂಕ ಮೂರನೆಯ ತಿಂಗಳಿಗೆ 85 ಕಿಲೋಗೆ ಇಳಿಯುತ್ತದೆ. ಹಿಗ್ಗಬೇಕಾದ ಹೊತ್ತಿನಲ್ಲಿ ಎದೆ ಧಸಕ್ಕೆನ್ನುತ್ತದೆ. ಆ ಎತ್ತರಕ್ಕೆ 35ರ ಗೆರೆ ಬೀಳುವುದು 84 ಕಿಲೋದಲ್ಲಿ! ಇನ್ನೊಂದು ಕಿಲೋ ಇಳಿದರೆ ಅರ್ಜಿಯೇ ಬಿದ್ದುಹೋದೀತೇ? ಸಕ್ಕರೆ ತುಸು ತಗ್ಗಿದರೆ ‘ಹಿಡಿತಕ್ಕೆ ಬಾರದ’ ಎಂಬ ಮಾತೂ ಸುಳ್ಳಾದೀತೇ? ಮನೆಯಲ್ಲಿ ಯಾರೋ ನಗೆಯಾಡುತ್ತಾರೆ: “ಹಂಗಾದ್ರ ಎರಡು ಹೋಳಿಗಿ ಹೆಚ್ಚು ತಿನ್ರಿ ಅಕ್ಕಾ.” ನಗೆಯೆಂದು ಹೇಳಿದ ಮಾತು ರಾತ್ರಿಯ ವೇಳೆಗೆ ಸಲಹೆಯಂತೆ ಕೇಳತೊಡಗುತ್ತದೆ. ಪ್ರಯತ್ನಕ್ಕೆ ದಂಡ ವಿಧಿಸಿದಂತಿರುವ ಈ ವ್ಯವಸ್ಥೆಯಲ್ಲಿ ಹುರುಪು ಉಳಿಯುವುದಾದರೂ ಹೇಗೆ?

ಬೇಕೆಂದೇ ತೂಕ ಏರಿಸಿಕೊಳ್ಳುವುದು ಅವಿವೇಕ. ಶಸ್ತ್ರಚಿಕಿತ್ಸೆಗೆ ಮುನ್ನ ಸುಮಾರು ಎರಡು ವಾರ ವೈದ್ಯರೇ ಕಟ್ಟುನಿಟ್ಟಾದ ಮಿತಾಹಾರವನ್ನು ವಿಧಿಸುತ್ತಾರೆ. ಕೊಬ್ಬಿನಿಂದ ಊದಿದ ಯಕೃತ್ತು ಕುಗ್ಗಿದರೆ ಶಸ್ತ್ರವೈದ್ಯರ ಕೈಗೆ ಎಡೆ ಸಿಗುತ್ತದೆ, ಅಪಾಯ ತಗ್ಗುತ್ತದೆ. ಅಲ್ಲದೆ, ಯಾವ ದಿನದ ತೂಕವನ್ನು ಹಿಡಿಯಬೇಕೆಂದು 2019ರ ಒಕ್ಕಣೆ ಹೇಳಿಲ್ಲ. ಆದುದರಿಂದ ಮೊದಲ ದಿನದ ತೂಕ, ಎತ್ತರ, ಸಕ್ಕರೆಗಳು ಆಸ್ಪತ್ರೆಯ ಕಾಗದದ ಮೇಲೆ ವೈದ್ಯರ ರುಜುವಿನೊಡನೆ ಇರಬೇಕು. ಅನಂತರದ ಇಳಿಕೆ ಅವರ ಆದೇಶದಂತೆ ಆದುದೆಂದೂ ಬರೆದಿರಬೇಕು. ಗೆರೆಯ ಅಂಚಿನಲ್ಲಿರುವವರು ವಿಮೆಯವರನ್ನು ಯಾವ ದಿನದ ತೂಕವೆಂದು ಬರವಣಿಗೆಯಲ್ಲಿಯೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆಯಬೇಕು. ದೂರವಾಣಿಯಲ್ಲಿ ಸಿಕ್ಕ ಭರವಸೆಯನ್ನು ಕಡತಕ್ಕೆ ಪೋಣಿಸಲಾಗದು.

ದೇವದುರ್ಗದ ಯುವ ವ್ಯಾಪಾರಿಯೊಬ್ಬನ ಸ್ಥಿತಿ ಬೇರೆ. ಎತ್ತರ 172 ಸೆಂಟಿಮೀಟರು, ತೂಕ 125 ಕಿಲೋ; ಸೂಚ್ಯಂಕ 42 ದಾಟಿದೆ, ಬೇರೆ ರೋಗದ ಸಾಕ್ಷಿಯೇ ಬೇಡ. ಅವನ ತೊಡಕು ಪಾಲಿಸಿಯ ಎಳೆಯ ವಯಸ್ಸು. ಮೊದಲೇ ಇದ್ದ ರೋಗಗಳಿಗೆ ಕಂಪನಿಗಳು ಕಾಯುವ ಅವಧಿಯನ್ನು ಇಡಬಹುದು. 2024ರ ನಿಯಮಗಳಂತೆ ಅದು 36 ತಿಂಗಳನ್ನು ಮೀರಕೂಡದು. ‘ಇದನ್ನೆಲ್ಲ ಅರ್ಜಿಯಲ್ಲಿ ಬರೆಯಬೇಡ’ ಎಂದು ಪಕ್ಕದಲ್ಲಿ ಕುಳಿತು ಉಸುರುವ ಹಿತೈಷಿಗಳಿಗೆ ಎಲ್ಲ ಊರಲ್ಲಿಯೂ ಬರವಿಲ್ಲ. ಮುಚ್ಚಿಟ್ಟ ರೋಗ ಹೊರಬಿದ್ದರೆ ಚಿಕಿತ್ಸೆಯ ಹಣವೂ ಹೋಗಿ ಪಾಲಿಸಿಯೂ ಹೋದೀತು. ಮೂರು ವರ್ಷ ದೀರ್ಘವೇನೋ ನಿಜ. ಕಂಪನಿಯನ್ನು ಬದಲಾಯಿಸಿದರೂ ನಿಯಮದಂತೆ ವರ್ಗಾಯಿಸಿಕೊಂಡರೆ ಕಾದ ತಿಂಗಳುಗಳು ವ್ಯರ್ಥವಾಗವು ಎಂಬುದೊಂದು ಸಮಾಧಾನ.

ಕಾಯುವುದು ರಾಯಚೂರಿನವರಿಗೆ ಹೊಸತಲ್ಲವೆಂದು ಯಾರಾದರೂ ಹೇಳಿದರೆ ಅದು ಬರಿಯ ಚಟಾಕಿಯಲ್ಲ. ಏಮ್ಸ್ ಆಸ್ಪತ್ರೆ ಬೇಕೆಂದು 2022ರ ಮೇ ತಿಂಗಳಲ್ಲಿ ಇಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನೂ ದಾಟಿತು. ಇಂಥ ವಿಶೇಷ ಶಸ್ತ್ರಚಿಕಿತ್ಸೆಗೆ ಹೈದರಾಬಾದಿನ ಅಥವಾ ಬೆಂಗಳೂರಿನ ದಾರಿ ಹಿಡಿಯುವ ಕುಟುಂಬಗಳಿಗೆ ಖರ್ಚಿನ ಜತೆ ರಜೆಯ ಲೆಕ್ಕವೂ ಸೇರುತ್ತದೆ. ಒಂದು ಕಾಗದ ಮರೆತರೆ ಒಂದು ದಿನದ ಸಂಬಳ ಹೋದಂತೆ.

ರಾಯಚೂರಿನ ಕೋಟೆಯಲ್ಲಿ ಒಂದು ಸೋಜಿಗವಿದೆ. 1294ರ ಶಾಸನವನ್ನು ಹೊತ್ತ, ನಲವತ್ತೊಂದು ಅಡಿ ಉದ್ದದ ಬಂಡೆಯೊಂದು ಗೋಡೆಯಲ್ಲಿ ಕುಳಿತಿದೆ. ಅದನ್ನು ಬಂಡಿಯ ಮೇಲಿರಿಸಿ ಸಾಲು ಸಾಲು ಪಶುಗಳಿಂದ ಎಳೆಸಿ ತಂದ ಬಗೆಯನ್ನು ಗೋಡೆಯ ಮೇಲೆಯೇ ಚಿತ್ರವಾಗಿ ಕೆತ್ತಿದ್ದಾರೆ. ಅಷ್ಟು ಭಾರವನ್ನು ಎಳೆದವರು ಎಳೆದ ಬಗೆಯನ್ನೂ ದಾಖಲಿಸಿಟ್ಟರಲ್ಲ! ನೋಟುಪುಸ್ತಕದ ಮಹಿಮೆಯನ್ನು ಅವರು ಬಲ್ಲವರು.

ಹುರುಪಿನ ಪ್ರಶ್ನೆಗೆ ಮರಳಬೇಕು. ವಿಮೆಯ ಒಪ್ಪಿಗೆಯೊಂದನ್ನೇ ಗುರಿಯಾಗಿಟ್ಟುಕೊಂಡವರು ಪ್ರತಿಯೊಂದು ತಕರಾರಿನ ಪತ್ರಕ್ಕೂ ಕುಸಿಯುತ್ತಾರೆ. ಆ ಗುರಿ ತಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವ ಗುರಿಗಳು ಚಿಕ್ಕವು. ಬೇಸಗೆಯಲ್ಲಿ ಸೂರ್ಯ ನೆತ್ತಿಗೇರುವ ಮುನ್ನ, ನಸುಕಿನಲ್ಲಿಯೇ, ಕಾಲುವೆಯ ದಂಡೆಯವರೆಗೆ ನಡೆದು ಬರುವುದು. ಶಾಲೆಯ ಮೆಟ್ಟಿಲುಗಳನ್ನು ನಡುವೆ ನಿಲ್ಲದೆ ಏರುವುದು. ತುತ್ತನ್ನು ನಿಧಾನವಾಗಿ ಅಗಿದು, ಊಟದ ನಡುವೆ ನೀರು ಕುಡಿಯದಿರುವುದು. ಈ ಕೊನೆಯ ಅಭ್ಯಾಸಗಳು ಶಸ್ತ್ರಚಿಕಿತ್ಸೆಯ ತರುವಾಯ ಹೇಗೂ ಬೇಕಾದವೇ. ಈಗಲೇ ಕಲಿತವರಿಗೆ ಆಗ ಅರ್ಧ ಕಷ್ಟ ಕಡಿಮೆ. ನೂರಕ್ಕೆ ಐದು ಪಾಲು ತೂಕ ಇಳಿದರೂ ರಕ್ತದ ಸಕ್ಕರೆ, ಒತ್ತಡಗಳು ಸುಧಾರಿಸುವುದುಂಟು. ಕಾಯುವ ಕಾಲ ಬರಿಗೈಯಲ್ಲಿ ಹೋಗದು. ದಿನಕ್ಕೆರಡು ಸಲ ತಕ್ಕಡಿ ಏರಿ ಮುಖ ಸಣ್ಣ ಮಾಡಿಕೊಳ್ಳುವ ಚಾಳಿಯನ್ನು ಬಿಟ್ಟು, ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿನಲ್ಲಿ ತೂಗಿದರೆ ಸಾಕು. ಮನೆಯವರ ಪಾಲೂ ಇದೆ. ಶೇಂಗಾಚಟ್ನಿಯ ಮೇಲೆ ಎಣ್ಣೆ ಸುರಿದು ‘ಇವತ್ತೊಂದಿನ’ ಎನ್ನುವ ಪ್ರೀತಿಯನ್ನು ಕೆಲವು ತಿಂಗಳು ಬೇರೆ ರೂಪದಲ್ಲಿ ತೋರಿಸಬಹುದು. ರಾಯಚೂರಿನ ಬಸ್ಸಿಗೆ ಜತೆಯಾಗಿ ಹತ್ತುವುದೂ ಪ್ರೀತಿಯೇ.

ಒಪ್ಪಿಗೆ ದೊರೆಯದೆ ಹೋದರೆ? ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು ಒಂದು ಗಂಟೆಯೊಳಗೆ ತೀರ್ಮಾನಿಸಬೇಕೆಂದು ಪ್ರಾಧಿಕಾರ 2024ರಲ್ಲಿ ವಿಧಿಸಿದೆ. ಕೋರಿಕೆಯ ಹಿಂದಿನ ಕಾಗದಗಳಿಗೆ ತಿಂಗಳುಗಳು ಹಿಡಿಯುವುದು ಬೇರೆಯ ಮಾತು. ನಿರಾಕರಣೆ ಬಂದರೆ ಯಾವ ಷರತ್ತಿನಂತೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ, ಕಂಪನಿಯ ದೂರುವಿಭಾಗಕ್ಕೆ ಪತ್ರ ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ವರ್ಷದೊಳಗೆ ದೂರು ಸಲ್ಲಿಸಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ. ತೀರ್ಪು ದೂರುದಾರರ ಪರವಾದರೆ ಕಂಪನಿ ಅದಕ್ಕೆ ಬದ್ಧ. ಶಿಕ್ಷಕಿಯಂಥವರಿಗೆ ಇಷ್ಟು ಸರಳವಾದ ನ್ಯಾಯಸ್ಥಾನವಿದೆಯೆಂಬುದು ಎಷ್ಟು ಮನೆಗಳಿಗೆ ತಿಳಿದಿದೆಯೋ!

ಮಾನ್ವಿಯ ಆ ಮನೆಯಲ್ಲಿ ಇಂದು ಸೋಮವಾರ, ತೂಕದ ದಿನ. 84 ಕಿಲೋ 600 ಗ್ರಾಂ ಎಂದು ಬರೆದಾಗಿದೆ. ವಿಮೆಯವರ ಎರಡನೆಯ ಪ್ರಶ್ನೆಗೆ ಉತ್ತರ ಸಿದ್ಧವಾಗಿ, ವೈದ್ಯರ ಪತ್ರ, ಹನ್ನೆರಡು ವಾರದ ಲೆಕ್ಕ, ಮೊದಲ ದಿನದ ಚೀಟಿಯ ಪ್ರತಿಗಳೊಂದಿಗೆ ಕೈಚೀಲದಲ್ಲಿದೆ. ಅತ್ತೆಯವರು ಎರಡು ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಕಟ್ಟಿಕೊಟ್ಟು, “ನೀರಿನ ಬಾಟ್ಲಿ ಮರೀಬ್ಯಾಡವಾ” ಎನ್ನುತ್ತಾರೆ. ರಾಯಚೂರಿನ ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷವಿದೆ. ನಿಲ್ದಾಣದವರೆಗೆ ಆಟೋ ಬೇಡವೆಂದು ಹೇಳಿ ಶಿಕ್ಷಕಿ ನಡೆದೇ ಹೊರಡುತ್ತಾರೆ.