ಜಾಲಪುಟಕ್ಕೆ ಬೇಕಾದುದನ್ನು ಬೇಕಾದಾಗ ತರಿಸುವುದು

ಪಾಠವನ್ನಾಗಲಿ ಪರೀಕ್ಷೆಯ ಫಲಿತಾಂಶವನ್ನಾಗಲಿ ನೋಡಲು ಮಕ್ಕಳು ಮೊಬೈಲನ್ನು ತೆರೆದಾಗ ಪುಟವು ಬಿಳಿಯ ಹಾಳೆಯಂತೆ ನಿಂತುಬಿಡುವುದುಂಟು. ನೆಟ್‌ವರ್ಕ್ ಇಲ್ಲವೆಂದು ನಾವು ದೂರುತ್ತೇವೆ. ದೋಷವು ಎಷ್ಟೋ ವೇಳೆ ಪುಟವನ್ನು ಕಟ್ಟಿದ ರೀತಿಯಲ್ಲಿಯೇ ಇರುತ್ತದೆ.

ಪುಟದ ವಿಷಯವನ್ನು ಎಚ್‌ಟಿಎಂಎಲ್ ಹೇಳುತ್ತದೆ; ಬಣ್ಣ, ಅಕ್ಷರ, ಅಂತರಗಳನ್ನು ಸ್ಟೈಲ್‌ಶೀಟ್ ನಿಯಮಿಸುತ್ತದೆ; 1995ರಲ್ಲಿ ಬ್ರೆಂಡನ್ ಐಕ್ ರಚಿಸಿದ ಜಾವಾಸ್ಕ್ರಿಪ್ಟ್ ಭಾಷೆಯ ಸ್ಕ್ರಿಪ್ಟುಗಳು ಪುಟಕ್ಕೆ ಚಲನೆಯನ್ನು ಕೊಡುತ್ತವೆ. ಬ್ರೌಸರ್ ಪುಟವನ್ನು ಮೇಲಿನಿಂದ ಓದುತ್ತ ಬರುವಾಗ ಸಾಧಾರಣ ಸ್ಕ್ರಿಪ್ಟೊಂದು ಎದುರಾದರೆ, ಅದನ್ನು ತರಿಸಿ ನಡೆಯಿಸಿ ಮುಗಿಸುವ ತನಕ ಪುಟದ ಮುಂದಿನ ಭಾಗವನ್ನು ಕಟ್ಟುವುದಿಲ್ಲ. ಆರಂಭದಲ್ಲಿಯೇ ಹತ್ತಾರು ಸ್ಕ್ರಿಪ್ಟುಗಳನ್ನು ಪೇರಿಸಿದರೆ ಓದುಗನು ಕಾಯದೆ ವಿಧಿಯಿಲ್ಲ.

ಚೌಕಿಯಲ್ಲಿರುವ ವೇಷಗಳೆಲ್ಲ ಒಮ್ಮೆಗೇ ರಂಗಸ್ಥಳಕ್ಕೆ ಬರುವುದುಂಟೆ? ಇಲ್ಲಿಯೂ ಹಾಗೆಯೇ. ಮೊದಲು ಒಂದು ಚಿಕ್ಕ ಸ್ಕ್ರಿಪ್ಟು ಮಾತ್ರ ಇರಲಿ. ಓದುಗನು ಗುಂಡಿಯನ್ನೊತ್ತಿದಾಗ ಅದು ಹೊಸದೊಂದು ಸ್ಕ್ರಿಪ್ಟ್ ಟ್ಯಾಗನ್ನು ಸೃಷ್ಟಿಸಿ, ಬೇಕಾದ ಕಡತದ ವಿಳಾಸವನ್ನು ಅದರಲ್ಲಿ ಬರೆದು, ಪುಟದ ಹೆಡ್ ಭಾಗಕ್ಕೆ ಸೇರಿಸುತ್ತದೆ. ಸೇರಿದೊಡನೆ ಬ್ರೌಸರ್ ಆ ಕಡತವನ್ನು ತರಿಸತೊಡಗುತ್ತದೆ. ಉಳಿದ ಕೆಲಸವು ಅದಕ್ಕಾಗಿ ಕಾಯುವುದಿಲ್ಲ. ಸ್ಟೈಲ್‌ಶೀಟನ್ನು ತರಿಸಲು ಇದೇ ರೀತಿ ಲಿಂಕ್ ಟ್ಯಾಗನ್ನು ಸೇರಿಸತಕ್ಕದ್ದು. ಅದು ತಡವಾಗಿ ಬಂದರೆ ಪುಟವು ವೇಷ ಕಟ್ಟದೆ ರಂಗಕ್ಕೆ ಬಂದವನಂತೆ ಕ್ಷಣಕಾಲ ಬರಿದಾಗಿ ತೋರುತ್ತದೆ.

ಮಕ್ಕಳಿಗಾಗಿ ರಸಪ್ರಶ್ನೆಯ ಪುಟವೊಂದನ್ನು ಕಟ್ಟಿದಾಗ ನಾವೇ ಎಡವಿದೆವು. ಪ್ರಶ್ನೆಗಳ ದೊಡ್ಡ ಸ್ಕ್ರಿಪ್ಟನ್ನು ಮೊದಲು, ಅಂಕ ಕೊಡುವ ಚಿಕ್ಕ ಸ್ಕ್ರಿಪ್ಟನ್ನು ಅನಂತರ ಸೇರಿಸಿದ್ದೆವು. ನಮ್ಮ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ನಡೆಯಿತು. ಮನೆಗಳ ಮೊಬೈಲುಗಳಲ್ಲಿ ಚಿಕ್ಕದು ಮುಂಚೆ ಬಂದು, ತನಗೆ ಬೇಕಾದ ಪ್ರಶ್ನೆಗಳನ್ನು ಕಾಣದೆ ಅಲ್ಲಿಯೇ ನಿಂತುಹೋಯಿತು. ಒಬ್ಬ ಬಾಲಕಿಯು ತನ್ನ ಉತ್ತರಗಳೇ ತಪ್ಪೆಂದು ಬಗೆದು ಸಂಜೆಯೆಲ್ಲ ಮರಳಿ ಮರಳಿ ಬರೆದಳಂತೆ. ಇದನ್ನು ಕೇಳಿ ನಮಗೆ ನಾಚಿಕೆಯಾಯಿತು. ಹೀಗೆ ಸೇರಿಸಿದ ಸ್ಕ್ರಿಪ್ಟುಗಳು ಬಂದ ಕ್ರಮದಲ್ಲಿ ನಡೆಯುತ್ತವೆಯೇ ಹೊರತು ಬರೆದ ಕ್ರಮದಲ್ಲಲ್ಲ. ಕಡತವು ಬಂದು ನಡೆದೊಡನೆ ಬ್ರೌಸರ್ 'ಆನ್‌ಲೋಡ್' ಎಂಬ ಸೂಚನೆಯನ್ನು ಕೊಡುತ್ತದೆ. ಅದು ದೊರೆತ ಮೇಲೆಯೇ ಮುಂದಿನದನ್ನು ಕರೆಯಬೇಕು. 'ಅಸಿಂಕ್' ಗುಣವನ್ನು 'ಫಾಲ್ಸ್' ಎಂದು ಬರೆದರೂ ಕ್ರಮವು ಉಳಿಯುತ್ತದೆ.

ಎಲ್ಲವನ್ನೂ ಹೀಗೆಯೇ ತರಿಸುವುದು ಜಾಣತನವಲ್ಲ. ಎಚ್‌ಟಿಎಂಎಲ್‌ನಲ್ಲಿ ಬರೆದ ವಿಳಾಸಗಳನ್ನು ಬ್ರೌಸರ್ ಮುಂದಾಗಿಯೇ ಹುಡುಕಿ ತರಿಸಬಲ್ಲುದು. ಸ್ಕ್ರಿಪ್ಟಿನೊಳಗೆ ಅಡಗಿದವು ಅದಕ್ಕೆ ಕಾಣವು. ಮೊದಲಿಗೇ ಬೇಕಾದುದು ಎಚ್‌ಟಿಎಂಎಲ್‌ನಲ್ಲಿಯೇ ಇರಲಿ. ಮತ್ತೊಂದು ಮಾತನ್ನು ಹಿರಿಯರೂ ಅರಿಯತಕ್ಕದ್ದು: ಅನ್ಯರ ಸರ್ವರಿನಿಂದ ಬಂದ ಸ್ಕ್ರಿಪ್ಟಿಗೆ ಪುಟದಲ್ಲಿ ಪೂರ್ಣಾಧಿಕಾರವಿರುವುದರಿಂದ ನಾವು ಅಲ್ಲಿ ಬರೆದ ಪಾಸ್‌ವರ್ಡನ್ನೂ ಅದು ಓದಬಲ್ಲುದು.

ನಮ್ಮ ಪುಟವನ್ನು ತಿದ್ದಿದ್ದೇವೆ. ಪ್ರಶ್ನೆಗಳು ಬರುವ ತನಕ ಉತ್ತರದ ಗುಂಡಿ ಕಾಣುವುದಿಲ್ಲ. ಕಡತವು ಬಾರದೇ ಹೋದರೆ 'ಎರರ್' ಎಂಬ ಸೂಚನೆಯನ್ನು ಹಿಡಿದು, "ಪ್ರಶ್ನೆಗಳು ಬಂದಿಲ್ಲ, ತಪ್ಪು ನಿಮ್ಮದಲ್ಲ" ಎಂದು ಪುಟವೇ ತಿಳಿಸುತ್ತದೆ.