ಹಿತ್ತಲಿನ ತುಂಬೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ತುಂಬೆಗೆ ಚೆನ್ನಾಗಿ ಒಪ್ಪುತ್ತದೆ. ಶಿವಪೂಜೆಗೆ ಅದರ ಹೂವನ್ನರಸುವ ನಾವೇ ಕಳೆಯೆಂದು ಗಿಡವನ್ನು ಕಿತ್ತೆಸೆಯುತ್ತೇವೆ. ಸಂಸ್ಕೃತದಲ್ಲಿ ಇದು ದ್ರೋಣಪುಷ್ಪಿ. ದ್ರೋಣವೆಂದರೆ ದೊನ್ನೆಯಂತಹ ಪಾತ್ರೆ. ಆ ಬಿಳಿಯ ದೊನ್ನೆಯ ತಳದ ಮಕರಂದಕ್ಕಾಗಿ ಜೇನ್ನೊಣಗಳೂ ಚಿಟ್ಟೆಗಳೂ ಬರುತ್ತವೆ. ಇದರಿಂದ ನಮಗೇನು ಲಾಭವೆನ್ನುವಿರೋ? ಕುಂಬಳ, ಸೌತೆಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆ. ಪರಾಗವನ್ನೊಯ್ಯುವ ಜೇನ್ನೊಣವು ಬಾರದಿದ್ದರೆ ಹೀಚು ಬಾಡಿ ಉದುರುವುದು.

ಆದುದರಿಂದ ತರಕಾರಿಯ ಮಡಿಯ ಪಕ್ಕದಲ್ಲಿ ಬಿಸಿಲು ಬೀಳುವ ತುಂಡು ನೆಲವನ್ನು ತುಂಬೆಗೆ ಬಿಡಬೇಕು. ಮುಂಗಾರಿನಲ್ಲಿ ಮಣ್ಣನ್ನು ಸಡಿಲಿಸಿ ಬೀಜವನ್ನು ಚೆಲ್ಲಿ, ತೆಳ್ಳಗೆ ಮುಚ್ಚಿದರೆ ಸಾಕು. ಇದು ಏಕವಾರ್ಷಿಕ ಸಸ್ಯ. ಬೀಜ ಬಲಿತುದುರುವ ಮೊದಲೇ ಕಿತ್ತರೆ ಮರುವರ್ಷಕ್ಕೆ ವಂಶವಿಲ್ಲ. ಒಣಗಿದ ಗುಚ್ಛಗಳನ್ನು ಅಲ್ಲಿಯೇ ಬಿಡುವ ತಾಳ್ಮೆಯಿದ್ದರೆ ಪೂಜೆಗೆ ಹೂವೂ ಅಡಿಗೆಗೆ ಕಾಯಿಯೂ ಒದಗುವುವು.