ಮೊಬೈಲ್ ಗೋಪುರ: ಯಾವ ತಜ್ಞರನ್ನು ನಂಬುವುದು?

ಆದಿತ್ಯನಗರ, ಸೇಡಂ, ವಾಡಿ, ಶಹಾಬಾದ್ ಕಡೆಯ ಮಕ್ಕಳಿಗೆ ಕಾರ್ಖಾನೆಯ ಚಿಮಣಿ ಹೊಸದಲ್ಲ. ಅದರ ಹೊಗೆ ಕಣ್ಣಿಗೆ ಕಾಣುತ್ತದೆ. ಮೊಬೈಲ್ ಗೋಪುರದ ಅಲೆ ಕಾಣುವುದಿಲ್ಲ. ಕಾಣದ್ದರ ಬಗ್ಗೆ ಭಯವೂ ಹೆಚ್ಚು, ಗಾಳಿಮಾತೂ ಹೆಚ್ಚು. ಒಬ್ಬ ತಜ್ಞರು 'ಅಪಾಯ' ಎಂದರೆ ಇನ್ನೊಬ್ಬರು 'ಏನೂ ಇಲ್ಲ' ಎನ್ನುತ್ತಾರೆ. ಪಾಲಕರು ಯಾರನ್ನು ನಂಬಬೇಕು?

ಮುಂಬಯಿ ಐಐಟಿಯ ಪ್ರಾಧ್ಯಾಪಕ ಗಿರೀಶ್ ಕುಮಾರ್ 2010ರಲ್ಲಿ ದೂರಸಂಪರ್ಕ ಇಲಾಖೆಗೆ ವರದಿ ಸಲ್ಲಿಸಿ, ಗೋಪುರಗಳ ವಿಕಿರಣದ ಬಗ್ಗೆ ಎಚ್ಚರಿಸಿದರು. ಅವರು ಆಂಟೆನಾ ತಜ್ಞರು. ಅಲೆಯ ಪ್ರಮಾಣ ಅಳೆಯುವುದು ಅವರ ವಿದ್ಯೆ. ಅದರಿಂದ ರೋಗ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ; ಅದಕ್ಕೆ ಸಾವಿರಾರು ಜನರ ಆರೋಗ್ಯದ ಲೆಕ್ಕ ಬೇಕು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೋ ಅಲೆಗಳನ್ನು '2ಬಿ' ಗುಂಪಿಗೆ, ಅಂದರೆ ಕ್ಯಾನ್ಸರ್ ತರಬಹುದಾದವುಗಳ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ತಂಬಾಕು ಇರುವುದು ಮೊದಲನೆಯ ಗುಂಪಿನಲ್ಲಿ. ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಗಾಗಿ ನಡೆದು 2024ರಲ್ಲಿ ಪ್ರಕಟವಾದ, 63 ಅಧ್ಯಯನಗಳ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ.

ಭಾರತ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಗೋಪುರಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸ್ ಅಲೆಗೆ ಅದು ಚದರ ಮೀಟರಿಗೆ 4.5 ವಾಟ್ ಇದ್ದದ್ದು 0.45 ವಾಟ್ ಆಯಿತು.

ಸಿಮೆಂಟ್ ಭಟ್ಟಿಯಿಂದ ದೂರ ಸರಿದಂತೆ ಕಾವು ಕಡಿಮೆಯಾಗುವುದನ್ನು ಈ ಭಾಗದ ಕಾರ್ಮಿಕರು ಬಲ್ಲರು. ಅಲೆಯೂ ಹಾಗೆಯೇ: ದೂರ ಎರಡು ಪಟ್ಟಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ದೂರದ ಗೋಪುರಕ್ಕಿಂತ ಕಿವಿಗೊತ್ತಿದ ಫೋನಿನ ಅಲೆಯೇ ತಲೆಗೆ ಹೆಚ್ಚು ತಗಲುತ್ತದೆ. ಹತ್ತಿರದ ಗೋಪುರ ತೆಗೆಸಿ ಸಿಗ್ನಲ್ ಕುಗ್ಗಿದರೆ ಫೋನು ಇನ್ನೂ ಹೆಚ್ಚು ಶಕ್ತಿಯಲ್ಲಿ ಅಲೆ ಬಿಡುತ್ತದೆ. ಭಯದಿಂದ ಮಾಡಿದ ಕೆಲಸ ಹೀಗೆ ತಿರುಗುಬಾಣವಾಗಬಹುದು.

ತಜ್ಞರನ್ನು ತೂಗಲು ಮೂರು ಪ್ರಶ್ನೆ ಸಾಕು. ಇದು ಅವರ ವಿಷಯವೇ? ಅವರು ತೋರಿಸುವುದು ಒಂದೇ ಪ್ರಯೋಗವನ್ನೋ, ಹಲವನ್ನೋ? ಅವರ ಮಾತಿನಿಂದ ಯಾರಿಗೆ ಲಾಭ? ಈ ಕೊನೆಯ ಪ್ರಶ್ನೆಯನ್ನು ಮೊಬೈಲ್ ಕಂಪನಿಯಿಂದ ಹಣ ಪಡೆಯುವವರಿಗೂ ಕೇಳಬೇಕು, 'ವಿಕಿರಣ ತಡೆ' ಚೀಟಿ ಮಾರುವವರಿಗೂ ಕೇಳಬೇಕು.

ಸಂಶಯವಿದ್ದವರು ಜಗಳಕ್ಕೆ ಮೊದಲು ಅಳತೆ ಕೇಳಲಿ. ದೂರಸಂಪರ್ಕ ಇಲಾಖೆ 2017ರಲ್ಲಿ ಆರಂಭಿಸಿದ 'ತರಂಗ್ ಸಂಚಾರ್' ವ್ಯವಸ್ಥೆ ಇರುವುದೇ ಅದಕ್ಕೆ.